ಬೀಗ ಬಿದ್ದ ಮನೆಯ ನಾಯಿಮರಿ

ಕನಕಪುರದ ಸೀಮೆಯಲ್ಲಿ ಹಗಲುಹೊತ್ತಿನಲ್ಲಿ ಮನೆಗೆ ಬೀಗ ಹಾಕಿ ಹೊರಡುವುದು ತೀರ ಈಚಿನ ಅಭ್ಯಾಸ. ಊರಿಗೆ ಕಾನಕಾನಹಳ್ಳಿಯೆಂಬ ಹೆಸರಿದ್ದ ಕಾಲದಲ್ಲಿ, ಅರ್ಕಾವತಿಯ ಎರಡು ದಡಗಳ ಹಳ್ಳಿಗಳಲ್ಲಿ ಒಂದು ಒಕ್ಕಲುಮನೆಯೆಂದರೆ, ಮುದುಕರು ಜಗಲಿಯಲ್ಲಿ, ಮಕ್ಕಳು ಅಂಗಳದಲ್ಲಿ, ಹೆಂಗಸರು ಅಡಿಗೆಮನೆಗೂ ಹಿತ್ತಿಲಿಗೂ ನಡುವೆ, ದನಕರು ಕೊಟ್ಟಿಗೆಯಲ್ಲಿ, ಹೀಗೆ ಯಾವ ಜಾವದಲ್ಲಿ ಹೋಗಿ ನೋಡಿದರೂ ಅದು ಜನಶೂನ್ಯವಾಗಿ ಕಾಣುತ್ತಿರಲಿಲ್ಲ. ಅದರಲ್ಲಿಯೂ ರೇಷ್ಮೆಹುಳು ಸಾಕುವ ಮನೆಯನ್ನು ಬರಿದುಮಾಡಿ ಹೋಗುವ ಮಾತೇ ಇರಲಿಲ್ಲ, ಏಕೆಂದರೆ ಮೊಟ್ಟೆಯೊಡೆದ ಹುಳು ಪೊರೆ ಕಳಚುವ ನಾಲ್ಕು ಜ್ವರಗಳನ್ನು ಕಳೆದು, ಹಣ್ಣಾಗಿ, ಗೂಡುಕಟ್ಟಲು ಚಂದ್ರಿಕೆಗೆ ಏರುವವರೆಗಿನ ಸುಮಾರು ನಾಲ್ಕು ವಾರಗಳ ಕಾಲ ಹೊತ್ತುಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಹಾಕಲು ಯಾರಾದರೊಬ್ಬರು ಅಲ್ಲಿ ಇರಲೇಬೇಕಾಗಿತ್ತು. ಅಂಥ ಮನೆಗೆ ತಂದ ನಾಯಿಮರಿಗೆ ಒಂಟಿಯಾಗಿರುವುದನ್ನು ಯಾರೂ ಕಲಿಸಲಿಲ್ಲ. ಕಲಿಸತಕ್ಕದ್ದೊಂದುಂಟೆಂದು ಯಾರಿಗೂ ಹೊಳೆದಿರಲಾರದು. ಆದರೂ ಅದು ಕಲಿಯುತ್ತಿತ್ತು. ಒಲೆಯ ಮುಂದಿನಿಂದ ಎದ್ದ ಒಡತಿ ಬಾವಿಗೆ ಹೋಗಿ ಬಂದಳು, ಕೊಟ್ಟಿಗೆಗೆ ಹೋಗಿ ಬಂದಳು, ಹೊಲಕ್ಕೆ ಬುತ್ತಿ ಕೊಟ್ಟು ಬಂದಳು. ಪ್ರತಿಸಲವೂ ಮರಿಗೊಂದು ಸಣ್ಣ ವಿಯೋಗ, ಪ್ರತಿಸಲವೂ ಒಂದು ಪುನರ್ದರ್ಶನ. ಇಂಥವು ದಿನಕ್ಕೆ ಎಷ್ಟೋ ನಡೆದು, ಕಣ್ಣಿಗೆ ಮರೆಯಾದವರು ಮತ್ತೆ ಕಾಣಿಸಿಕೊಳ್ಳುತ್ತಾರೆಂಬ ನಂಬಿಕೆ ಅದರ ಮೈಗೆ ಹತ್ತಿಕೊಳ್ಳುತ್ತಿತ್ತು.

ಈಗಿನ ಸ್ಥಿತಿ ಬೇರೆ. ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆಗಳು ಎದ್ದಿವೆ. ಬೆಳಗಾಗುತ್ತಲೇ ಗಾರ್ಮೆಂಟ್ಸಿನ ವ್ಯಾನುಗಳು ಹಳ್ಳಿಗಳಿಗೇ ಬಂದು ಹೆಣ್ಣುಮಕ್ಕಳನ್ನು ಕರೆದೊಯ್ಯುತ್ತವೆ. 2021ರ ಜನವರಿಯಲ್ಲಿ ಮೆಟ್ರೋ ರೈಲು ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯ ನಿಲ್ದಾಣದವರೆಗೆ ಬಂದಮೇಲಂತೂ, ಬಸ್ಸಿನಲ್ಲಿ ಅಲ್ಲಿಗೆ ಮುಟ್ಟಿ ಬೆಂಗಳೂರಿನ ಒಡಲಿಗೆ ಇಳಿದು ಸಂಜೆಗೆ ಮರಳುವ ಉದ್ಯೋಗಸ್ಥರಿಗೆ ಈ ಊರೂ ರಾಜಧಾನಿಯ ಒಂದು ಬಡಾವಣೆಯೇ ಆಗಿದೆ. ರಾಗಿಹೊಲಗಳಿದ್ದೆಡೆ ಸೈಟುಗಳಾಗಿ, ಸೈಟುಗಳಲ್ಲಿ ಮನೆಗಳೆದ್ದು, ಆ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವವರಾಗಿ, ಮಗು ಶಾಲೆಗೆ ಹೋಗಿ, ಎಂಟು ಗಂಟೆಗೆ ಬಿದ್ದ ಬೀಗ ಕತ್ತಲಾದ ಮೇಲೆಯೇ ತೆರೆಯುವುದು ಸಾಮಾನ್ಯವಾಯಿತು. ಮನೆ ಕಾಯಲಿಕ್ಕೆಂದೋ ಮಗುವಿಗೆ ಜೊತೆಯಾಗಲೆಂದೋ ತಂದ ಮರಿ ಅದರೊಳಗೆ ಉಳಿಯುತ್ತದೆ. ಸಂಜೆ ಬಂದು ನೋಡಿದರೆ ಬಾಗಿಲ ಬುಡ ಕೆರೆದಿರುತ್ತದೆ, ಚಪ್ಪಲಿ ಚಿಂದಿಯಾಗಿರುತ್ತದೆ, ನಡುಮನೆಯಲ್ಲಿ ಉಚ್ಚೆಯ ಮಡು ನಿಂತಿರುತ್ತದೆ. ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ, "ಬೆಳಗ್ಗಿಂದ ಒಂದೇ ಸಮನೆ ಕೂಗ್ತಾ ಇತ್ತು ಕಣಮ್ಮ, ಪಾಪ" ಎನ್ನುತ್ತಾಳೆ. ಆಮೇಲೆ ಸರಪಳಿ, ಅದೂ ಸಾಲದಾದರೆ ಕೆರೆ ಏರಿಯ ಮೇಲೆ ಬಿಟ್ಟುಬರುವುದೂ ಉಂಟು. ಹಳೆಯ ಮನೆ ತನಗೆ ಗೊತ್ತಿಲ್ಲದೆಯೇ ಕಲಿಸುತ್ತಿದ್ದ ವಿದ್ಯೆಯನ್ನು ಹೊಸ ಮನೆ ಗೊತ್ತಿದ್ದು ಕಲಿಸಬೇಕಾಗಿದೆ. ಅದು ಎಷ್ಟರಮಟ್ಟಿಗೆ ಸಾಧ್ಯ, ಯಾವ ಕ್ರಮದಿಂದ ಸಾಧ್ಯ, ಎಲ್ಲಿ ಅಸಾಧ್ಯ ಎಂಬುದೇ ಇಲ್ಲಿನ ವಿಚಾರ.

ನಾಯಿಯನ್ನು ಗೌರವಿಸುವುದರಲ್ಲಿ ನಮ್ಮ ಸೀಮೆ ಹಿಂದೆ ಬಿದ್ದದ್ದಲ್ಲ. ನೆರೆಯ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಹತ್ತನೆಯ ಶತಮಾನದ ನಡುಗಾಲದ ಶಿಲಾಶಾಸನವು, ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನು ಒಡೆಯನ ಮೆಚ್ಚುಗೆಗೆ ಪಾತ್ರನಾಗಿ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದುದನ್ನೂ, ಆ ನಾಯಿ ಕಾಡುಹಂದಿಯೊಡನೆ ಸೆಣಸಿ ಎರಡೂ ಒಟ್ಟಿಗೆ ಮಡಿದುದನ್ನೂ, ಅದರ ನೆನಪಿಗೆ ನಿಂತ ಕಲ್ಲಿನ ಪೂಜೆಗೆ ಭೂಮಿ ಬಿಟ್ಟುದನ್ನೂ ಹೇಳುತ್ತದೆ. ಅಷ್ಟು ದೂರದ ಕಾಲಕ್ಕೆ ಹೋಗಬೇಕೆಂದೂ ಇಲ್ಲ: ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಯಲ್ಲಿ, ಕೆಂಪಮ್ಮ ದೇವಿಯ ಗುಡಿಯ ಬಳಿ, 2010ರಲ್ಲಿ ನಾಯಿಗಳಿಗೇ ಒಂದು ಗುಡಿಯನ್ನು ಕಟ್ಟಿ ಎರಡು ನಾಯಿಗಳ ಮೂರ್ತಿಗಳನ್ನು ಪ್ರತಿಷ್ಠೆ ಮಾಡಿದ್ದಾರೆ, ಊರಿನಿಂದ ಕಾಣೆಯಾದ ಎರಡು ನಾಯಿಗಳಿಗೆ ನೆಲೆ ಮಾಡಿಕೊಡಬೇಕೆಂದು ದೇವಿಯೇ ಕನಸಿನಲ್ಲಿ ಅಪ್ಪಣೆ ಕೊಟ್ಟಳೆಂಬುದು ಅಲ್ಲಿಯವರ ಪ್ರತೀತಿ. ಸಾಹಿತ್ಯದಲ್ಲಿಯೂ ತೇಜಸ್ವಿಯವರ 'ಕಿವಿ' ಎಂಬ ನಾಯಿ ಕನ್ನಡ ಓದುಗರಿಗೆ ಮನೆಯ ನಾಯಿಯಷ್ಟೇ ಪರಿಚಿತ. ಇವೆಲ್ಲವೂ ಒಡೆಯನ ಬಗಲಲ್ಲಿದ್ದ ನಾಯಿಯ ಕೀರ್ತಿ; ಒಡೆಯನು ಬಾಗಿಲೆಳೆದುಕೊಂಡು ಹೋದಮೇಲೆ ಒಳಗುಳಿದ ನಾಯಿಯ ಸುದ್ದಿಯನ್ನು ಕಲ್ಲೂ ಎತ್ತಲಿಲ್ಲ, ಕಾವ್ಯವೂ ಎತ್ತಲಿಲ್ಲ. ಆದರೆ ಕಾಳಿಯನ್ನು ವೀರಗಲ್ಲಿಗೆ ಏರಿಸಿದ ಗುಣವೂ ಬಡಾವಣೆಯ ಮರಿಯನ್ನು ಊಳಿಡಿಸುವ ಗುಣವೂ ಒಂದೇ. ಮನುಷ್ಯನನ್ನು ಬಿಟ್ಟಿರಲಾರದ ಪ್ರಾಣಿಯನ್ನೇ ಸಾವಿರಾರು ವರ್ಷ ಆಯ್ದು ಆಯ್ದು ಬೆಳಸಿದವರು, ಅದು ತಮ್ಮನ್ನು ಬಿಟ್ಟಿರಲಾರದೆಂದು ದೂರುವುದರಲ್ಲಿ ಸ್ವಲ್ಪ ಅನ್ಯಾಯವಿದೆ.

ಮರಿಯ ಅಳು ಹಟವೋ, ಚಾಳಿಯೋ, ನಿಜವಾದ ಸಂಕಟವೋ ಎಂಬುದು ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ. ಉಳಿದ ಉಪಾಯಗಳೆಲ್ಲ ಅದರ ಉತ್ತರವನ್ನು ಅವಲಂಬಿಸಿವೆ. ಅಮೆರಿಕದ ಬಾರ್ ಹಾರ್ಬರ್ ಎಂಬಲ್ಲಿನ ಜಾಕ್ಸನ್ ಪ್ರಯೋಗಶಾಲೆಯಲ್ಲಿ ನಾಯಿಮರಿಗಳ ಬೆಳವಣಿಗೆಯನ್ನು ಅನೇಕ ವರ್ಷ ಅಭ್ಯಾಸಮಾಡಿ, ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ವಿದ್ವಾಂಸರು 1965ರಲ್ಲಿ ಪ್ರಕಟಿಸಿದ ಗ್ರಂಥದ ಮುಖ್ಯ ಸಿದ್ಧಾಂತವೇನೆಂದರೆ, ಮೂರನೆಯ ವಾರದಿಂದ ಹನ್ನೆರಡನೆಯ ವಾರದ ಸುಮಾರಿನವರೆಗಿನ ಕಾಲ ಮರಿಯು ಯಾರನ್ನು ತನ್ನವರೆಂದು ತಿಳಿಯಬೇಕೆಂಬುದನ್ನು ನಿಶ್ಚಯಿಸಿಕೊಳ್ಳುವ ಕಾಲವೆಂಬುದು. ಅದೇ ಪ್ರಯೋಗಶಾಲೆಯಿಂದ 1961ರಲ್ಲಿ ಎಲಿಯಟ್ ಮತ್ತು ಸ್ಕಾಟ್ ಹೊರತಂದ ಇನ್ನೊಂದು ಪರೀಕ್ಷೆಯ ಫಲ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು: ಒಂಟಿಯಾಗಿ ಬಿಟ್ಟ ಮರಿ, ತನಗೆ ಪರಿಚಿತವಾದ ಎಡೆಯಲ್ಲಿ ಅಳುವುದಕ್ಕಿಂತ ಅಪರಿಚಿತವಾದ ಎಡೆಯಲ್ಲಿ ಎಷ್ಟೋ ಹೆಚ್ಚು ಅಳುತ್ತದೆ. ಅಂದರೆ ಹೊಸ ಮನೆಗೆ ಬಂದ ಮೊದಲ ರಾತ್ರಿಯಲ್ಲಿ ಮರಿಗೆ ಎರಡು ದುಃಖಗಳು ಒಟ್ಟಿಗೆ ಬಂದಿವೆ. ತಾಯಿಯೂ ಒಡಹುಟ್ಟಿದವೂ ಇಲ್ಲ, ನೆಲವೂ ಗುರುತಿನದಲ್ಲ. 1978ರಲ್ಲಿ ಯಾಕ್ ಪ್ಯಾಂಕ್ಸೆಪ್ ಮೊದಲಾದವರು, ಅಗಲಿಕೆಯಿಂದ ಅಳುವ ಮರಿಗಳಿಗೆ ಅತ್ಯಲ್ಪ ಪ್ರಮಾಣದ ಮಾರ್ಫಿನ್ ಕೊಟ್ಟರೆ ಅಳು ಶಮನವಾಗುತ್ತದೆಂದು ತೋರಿಸಿದರು. ನೋವು ನಿವಾರಕದಿಂದ ಇಳಿಯುವ ಅಳು ಬರಿಯ ಹಟದ್ದಾಗಿರಲಾರದು. ಮುಂದೆ 1998ರಲ್ಲಿ ಹಂಗೆರಿಯ ತೊಪಾಲ್ ಮತ್ತು ಅವರ ಸಹೋದ್ಯೋಗಿಗಳು, ತಾಯಿ ಮಗುವಿನ ಬಾಂಧವ್ಯವನ್ನು ಅಳೆಯಲು ಮೇರಿ ಐನ್ಸ್‌ವರ್ತ್ ಎಂಬಾಕೆ ರೂಪಿಸಿದ್ದ ಪರೀಕ್ಷೆಯನ್ನೇ 51 ನಾಯಿಗಳಿಗೂ ಅವುಗಳ ಒಡೆಯರಿಗೂ ಒಡ್ಡಿ, ಒಡೆಯನು ಬಳಿಯಲ್ಲಿದ್ದಾಗ ನಾಯಿ ಧೈರ್ಯದಿಂದ ಆಡಿ, ಅವನು ಮರೆಯಾದಾಗ ಬಾಗಿಲ ಬಳಿ ನಿಲ್ಲುವುದನ್ನು ಕಂಡರು. ಈ ಪ್ರಮಾಣಗಳ ಮುಂದೆ ಹಟವೆಂಬ ಪಕ್ಷ ನಿಲ್ಲಲಾರದು.

ಇಷ್ಟಾಗಿಯೂ ನಮ್ಮಲ್ಲಿ ಪ್ರಚಲಿತವಾಗಿರುವ ಚಿಕಿತ್ಸೆ, ಒಂದೋ "ಅತ್ತು ಅತ್ತು ತಾನೇ ಸುಮ್ಮನಾಗುತ್ತೆ, ಬಿಡಿ" ಎಂಬುದು, ಇಲ್ಲವೇ ಏಟು. ನಾಯಿ ಊಳಿಟ್ಟರೆ ಮನೆಗೆ ಕೇಡೆಂಬ ಶಕುನದ ಭಯ ಹಳ್ಳಿಗಳಲ್ಲಿ ಇನ್ನೂ ಇರುವುದರಿಂದ, ಮೊದಲ ಪಕ್ಷವನ್ನು ಹಿಡಿದವರೂ ನಡುರಾತ್ರಿಯ ಹೊತ್ತಿಗೆ ಎರಡನೆಯ ಪಕ್ಷಕ್ಕೆ ಬಂದುಬಿಡುತ್ತಾರೆ. ಮಹಾಭಾರತದ ಆದಿಪರ್ವದಲ್ಲಿ, ಜನಮೇಜಯನ ಯಾಗಶಾಲೆಗೆ ಬಂದ ನಾಯಿಮರಿ ಹವಿಸ್ಸನ್ನು ಮುಟ್ಟದೆ ನೋಡದೆ ಇದ್ದರೂ ಅರಸನ ತಮ್ಮಂದಿರು ಅದನ್ನು ಹೊಡೆದಟ್ಟಲು, ಮರಿಯ ತಾಯಿಯಾದ ಸರಮೆಯು ಬಂದು ನ್ಯಾಯ ಕೇಳಿ, ಉತ್ತರ ದೊರೆಯದೆ, ಕಾಣದೆಡೆಯಿಂದ ನಿಮಗೆ ಭಯ ಬರಲೆಂದು ಶಪಿಸಿದ ಕಥೆಯಿದೆ. ಶಾಪದ ಮಾತು ಹೇಗಾದರಿರಲಿ, ಕಾರಣವರಿಯದೆ ಏಟು ತಿಂದ ಮರಿಯ ಪಾಲಿಗೆ ಕಾಣದೆಡೆಯಿಂದ ಬರುವ ಭಯವೇ ಉಳಿಯುವುದು. ಬೆಳಗ್ಗೆ ಒಂಬತ್ತಕ್ಕೆ ಕಡಿದ ಚಪ್ಪಲಿಗೆ ಸಂಜೆ ಏಳಕ್ಕೆ ಬಿದ್ದ ಏಟು, ಮರಿಯ ಬುದ್ಧಿಯಲ್ಲಿ ಚಪ್ಪಲಿಗೆ ಅಂಟಿಕೊಳ್ಳದೆ ಒಡೆಯನ ಆಗಮನಕ್ಕೆ ಅಂಟಿಕೊಳ್ಳುತ್ತದೆ; ಹೋಗುವುದೊಂದು ಭಯವಾಗಿದ್ದುದು ಬರುವುದೂ ಭಯವಾಗುತ್ತದೆ. "ತಪ್ಪು ಮಾಡಿದ್ದು ಅದಕ್ಕೂ ಗೊತ್ತು, ಮುಖ ನೋಡಿ" ಎನ್ನುವವರಿಗೆ 2009ರಲ್ಲಿ ಅಲೆಕ್ಸಾಂಡ್ರ ಹೊರೊವಿಟ್ಸ್ ಮಾಡಿದ ಪರೀಕ್ಷೆಯನ್ನು ತೋರಿಸಬೇಕು: ಆ ತಪ್ಪಿತಸ್ಥ ಮುಖ, ನಾಯಿ ನಿಜವಾಗಿ ತಪ್ಪು ಮಾಡಿತ್ತೋ ಇಲ್ಲವೋ ಎಂಬುದನ್ನು ಅನುಸರಿಸದೆ, ಒಡೆಯನು ಗದರಿದನೋ ಇಲ್ಲವೋ ಎಂಬುದನ್ನು ಅನುಸರಿಸಿತ್ತು. ಇನ್ನು ಅಳಲು ಬಿಡುವ ಪಕ್ಷದಲ್ಲಿ ಅರ್ಧ ಸತ್ಯವಿದೆ. ನಿದ್ದೆ ಹತ್ತುವ ಮುನ್ನ ಮರಿ ಸ್ವಲ್ಪ ಕುಯ್‌ಗುಟ್ಟಿ ಮೈಮುದುಡಿ ಮಲಗುವುದುಂಟು; ಅಷ್ಟಕ್ಕೆ ಓಡಿಹೋಗಬೇಕಾದ್ದಿಲ್ಲ. ಆದರೆ ದನಿ ಏರುತ್ತ ಹೋಗಿ, ಜೊಲ್ಲು ಸುರಿದು, ಬಾಗಿಲು ಕೆರೆದು, ಮುಂದಿಟ್ಟ ತಿಂಡಿಯನ್ನು ಮೂಸಿಯೂ ನೋಡದ ಮರಿ ಕಲಿಯುತ್ತಿರುವುದು ಒಂಟಿತನವನ್ನಲ್ಲ, ಒಂಟಿತನದ ಭೀತಿಯನ್ನು. ಅದು ಕೊನೆಗೆ ಸುಮ್ಮನಾದರೆ ಅದಕ್ಕೆ ದಣಿವು ಕಾರಣವೇ ಹೊರತು ಸಮಾಧಾನವಲ್ಲ.

ಆದಕಾರಣ ಮೊದಲ ಕೆಲಸ ಮರಿಯನ್ನು ಸರಿಯಾದ ವಯಸ್ಸಿನಲ್ಲಿ ತರುವುದು. ಕೇಂದ್ರ ಸರ್ಕಾರದ 2017ರ ಶ್ವಾನ ಸಂವರ್ಧನ ಮತ್ತು ಮಾರಾಟ ನಿಯಮಗಳು ಎಂಟು ವಾರ ತುಂಬದ ಮರಿಯ ಮಾರಾಟವನ್ನು ನಿಷೇಧಿಸುತ್ತವೆ. ಆದರೂ ಕಣ್ಣು ಬಿಟ್ಟು ಎರಡು ವಾರವಾಗಿರದ ಮರಿಗಳನ್ನು ಬುಟ್ಟಿಯಲ್ಲಿಟ್ಟು ಮಾರುವುದನ್ನೂ, ಮೋರಿಯ ಕೆಳಗೆ ಈದ ಬೀದಿನಾಯಿಯ ಮೊಲೆಯಿಂದ ಮಕ್ಕಳು ಮರಿಯನ್ನು ಕಿತ್ತು ತರುವುದನ್ನೂ ನಾವು ಕಾಣುತ್ತಲೇ ಇದ್ದೇವೆ. ತಾಯಿ ಬಳಿಯಲ್ಲಿರುವ ಬೀದಿಯ ಮರಿಯನ್ನು ಸಾಕಬೇಕೆಂದಿರುವವರು, ತಾಯಿಗೇ ಅಲ್ಲಿ ಒಂದಿಷ್ಟು ಅನ್ನ ಹಾಕಿ, ಎಂಟು ವಾರ ಕಳೆಯಲೆಂದು ಕಾಯುವುದು ಒಳ್ಳೆಯದು. ಮನೆಗೆ ತಂದ ಮೊದಲ ಕೆಲವು ರಾತ್ರಿ ಮರಿಯನ್ನು ಹೊರಗಿನ ಶೀಟಿನ ಕೆಳಗೆ ಹಾಕದೆ, ಜನ ಮಲಗುವ ಕೋಣೆಯಲ್ಲಿಯೇ, ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಗೋಣಿಯನ್ನೋ ಕಂಬಳಿಯ ತುಂಡನ್ನೋ ಹಾಸಿ, ಸಾಧ್ಯವಾದರೆ ತಾಯಿ ಮಲಗಿದ್ದ ಬಟ್ಟೆಯ ಒಂದು ಚೂರನ್ನು ಅದರಲ್ಲಿಟ್ಟು ಮಲಗಿಸಬೇಕು. ಹಾಸಿಗೆಗೆ ಹತ್ತಿಸಿಕೊಳ್ಳುವುದೋ ಬಿಡುವುದೋ ಅವರವರ ಮಡಿಮೈಲಿಗೆಗೆ ಬಿಟ್ಟದ್ದು. ರಾತ್ರಿಗಳು ಕಳೆದಂತೆ ಪೆಟ್ಟಿಗೆ ಮಂಚದಿಂದ ಬಾಗಿಲ ಕಡೆಗೆ, ಬಾಗಿಲಿನಿಂದ ನಡುಮನೆಗೆ, ಕಡೆಗೆ ಅದು ಕಾಯಂ ಮಲಗಬೇಕಾದ ಎಡೆಗೆ ಸರಿಯಬಹುದು. ಹೀಗೆ ಮಾಡಿದರೆ ಮರಿ ಕೆಟ್ಟುಹೋಗುತ್ತದೆಂದು ಹೇಳುವವರಿದ್ದಾರೆ; ಭದ್ರತೆಯಿಂದ ಧೈರ್ಯ ಹುಟ್ಟುವುದೇ ಹೊರತು ಅಭದ್ರತೆಯಿಂದಲ್ಲವೆಂಬುದು ಮೇಲೆ ಹೇಳಿದ ಹಂಗೆರಿಯ ಪರೀಕ್ಷೆಯಿಂದಲೂ ಗೊತ್ತಾಗುತ್ತದೆ, ಮಕ್ಕಳನ್ನು ಸಾಕಿದ ಯಾವ ತಾಯಿಯನ್ನು ಕೇಳಿದರೂ ಗೊತ್ತಾಗುತ್ತದೆ.

ಹಗಲಿನ ಶಿಕ್ಷಣವು ವಾಸ್ತವವಾಗಿ ಇದೇ ತತ್ತ್ವದ ವಿಸ್ತಾರ. ಮೊಟ್ಟೆಯಿಂದ ಆಗತಾನೆ ಹೊರಬಂದ ರೇಷ್ಮೆಹುಳುವಿಗೆ ಎಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಿ, ಬಲಿತಂತೆ ಇಡೀ ಎಲೆಯನ್ನೂ ರೆಂಬೆಯನ್ನೂ ಕೊಡುವ ನಮ್ಮ ರೈತನು, ಒಂಟಿತನವನ್ನೂ ಹಾಗೆಯೇ ಹೆಚ್ಚಿ ಉಣಿಸಬೇಕೆಂದರೆ ಕೂಡಲೆ ಅರ್ಥಮಾಡಿಕೊಂಡಾನು. ಮರಿ ಆಡಿ, ಹೊರಗೆ ಹೋಗಿಬಂದು, ಹೊಟ್ಟೆತುಂಬ ಉಂಡು ತೂಕಡಿಸುವ ಹೊತ್ತನ್ನು ಆರಿಸಿಕೊಳ್ಳಬೇಕು. ಎಳೆಯ ಮರಿ ದಿನದ ಬಹುಭಾಗ ನಿದ್ರಿಸುವುದಾದ್ದರಿಂದ ಅಂಥ ಹೊತ್ತುಗಳಿಗೆ ಕೊರತೆಯಿಲ್ಲ. ಅಡಿಗೆಮನೆಯ ಒಂದು ಮೂಲೆಯೋ, ನಡುಮನೆಯಲ್ಲಿ ಅಡ್ಡಹಲಗೆ ಹಾಕಿ ಬೇರ್ಪಡಿಸಿದ ಜಾಗವೋ ಅದರ ನೆಲೆಯೆಂದು ಗೊತ್ತುಮಾಡಿ, ಅಲ್ಲಿಯೇ ಅದರ ಊಟ, ನೀರು, ಆಟಿಕೆ, ಹಾಸಿಗೆ ಇರುವಂತೆ ಮಾಡಿ, ಮನೆಯವರೆಲ್ಲ ಮನೆಯಲ್ಲಿರುವಾಗಲೇ ಅದು ಆ ಜಾಗದಲ್ಲಿ ಕೆಲಹೊತ್ತು ತನ್ನಷ್ಟಕ್ಕೆ ಇರುವುದನ್ನು ರೂಢಿಸಬೇಕು. ಆಮೇಲೆ ಅಡ್ಡಹಲಗೆಯ ಈಚೆಗೆ ಬರುವುದು. ಕಣ್ಣಿಗೆ ಮರೆಯಾಗಿ, ಮರಿ ತಲೆಯೆತ್ತುವ ಮುನ್ನ ಮರಳುವುದು. ಮುಂಬಾಗಿಲನ್ನು ತೆರೆದು ಮುಚ್ಚುವುದು, ಹೊರಗೆ ನಿಂತು ಹತ್ತು ಎಣಿಸಿ ಒಳಬರುವುದು, ತಿರುವಿನ ಅಂಗಡಿಯವರೆಗೆ ಹೋಗಿ ಬರುವುದು. ಅವಧಿಯು ಒಂದೇ ಸಮನೆ ಏರುತ್ತ ಹೋಗದೆ, ಐದು ನಿಮಿಷದ ನಂತರ ಒಂದು ನಿಮಿಷ, ಆಮೇಲೆ ಎಂಟು, ಮತ್ತೆ ಮೂರು ಎಂಬಂತೆ ಹಿಂದುಮುಂದಾಗುತ್ತಿದ್ದರೆ, ಪ್ರತಿ ನಿರ್ಗಮನವೂ ಹಿಂದಿನದಕ್ಕಿಂತ ದೊಡ್ಡ ಕಷ್ಟವೆಂಬ ಲೆಕ್ಕಾಚಾರ ಮರಿಯ ಮನಸ್ಸಿಗೆ ಬರುವುದಿಲ್ಲ. ನಿಯಮವೊಂದೇ: ಮರಿ ಕಂಗಾಲಾಗುವ ಮೊದಲು ಬರತಕ್ಕದ್ದು, ಕಂಗಾಲಾಯಿತೆಂದರೆ ಹಿಂದಿನ ಹೆಜ್ಜೆ ದೊಡ್ಡದಾಯಿತೆಂದು ತಿಳಿದು ಮುಂದಿನದನ್ನು ಚಿಕ್ಕದು ಮಾಡತಕ್ಕದ್ದು.

ಇದಕ್ಕೆ ಕಾಲ ಬೇಕು, ಆ ಕಾಲವನ್ನು ಜನ ಕೊಡುವುದು ಕಡಿಮೆ. ದಸರಾ ರಜೆಯಲ್ಲಿ ಮರಿಯನ್ನು ತಂದು, ರಜೆಯುದ್ದಕ್ಕೂ ಮಡಿಲಿನಿಂದ ಇಳಿಸದೆ ಮುದ್ದಾಡಿ, ರಜೆ ಮುಗಿದ ಸೋಮವಾರ ಎಲ್ಲರೂ ಒಟ್ಟಿಗೆ ಹೊರಟುಹೋಗುವುದು ಸರ್ವಸಾಮಾನ್ಯವಾದ ಕ್ರಮ. ಮರಿಯ ದೃಷ್ಟಿಯಿಂದ ಇದಕ್ಕಿಂತ ಕ್ರೂರವಾದ ಕ್ರಮವನ್ನು ಯೋಚಿಸಿ ಮಾಡುವುದೂ ಕಷ್ಟ. 2020ರ ಮಾರ್ಚಿನ ಲಾಕ್‌ಡೌನ್ ಇದೇ ಪ್ರಮಾದವನ್ನು ದೇಶದ ಅಳತೆಯಲ್ಲಿ ಮಾಡಿಸಿತು. ಬೆಂಗಳೂರಿನಿಂದ ಕಂಪ್ಯೂಟರು ಹೊತ್ತು ಊರಿಗೆ ಮರಳಿದ ಹುಡುಗರು ತಿಂಗಳುಗಟ್ಟಲೆ ಮನೆಯಲ್ಲಿ ಕುಳಿತು ದುಡಿದರು. ಆಗ ತಂದ ಮರಿಗಳು ಬರಿದಾದ ಮನೆಯೆಂಬುದನ್ನೇ ಕಾಣದೆ ದೊಡ್ಡವಾದವು. ಕಚೇರಿಗಳು ತೆರೆದಾಗ ಒಮ್ಮೆಗೇ ಕಂಡವು. ರಜೆಯಲ್ಲಿ ತರುವುದೇ ಅನುಕೂಲವೆಂಬುದು ನಿಜ. ಆದರೆ ರಜೆಯ ಎರಡನೆಯ ದಿನದಿಂದಲೇ ಮೇಲಿನ ಸಣ್ಣ ಸಣ್ಣ ಅಗಲಿಕೆಗಳು ಶುರುವಾಗಬೇಕು.

ವಿದ್ವಾಂಸರಲ್ಲಿಯೇ ಭಿನ್ನಾಭಿಪ್ರಾಯವಿರುವ ಕೆಲವು ಸಂಗತಿಗಳಿವೆ. ಬೀಗದಕೈಯ ಸದ್ದು, ಚೀಲ ಹೆಗಲೇರುವುದು, ಬೂಟಿನ ಲೇಸು ಬಿಗಿಯುವುದು ಇವು ಕಂಡೊಡನೆ ಮರಿಗೆ ಕಳವಳ ಹುಟ್ಟುವುದರಿಂದ, ಹೊರಡದ ಹೊತ್ತಿನಲ್ಲಿಯೂ ಬೀಗದಕೈ ಅಲುಗಿಸಿ, ಚೀಲ ಹಾಕಿಕೊಂಡು ಕುಳಿತು, ಆ ಸೂಚನೆಗಳ ಅರ್ಥವನ್ನು ಸವೆಸಬೇಕೆಂಬುದು ಹಳೆಯ ಉಪದೇಶ. ಆಗಲೇ ಬೀಗದಕೈಗೆ ಬೆದರುವ ನಾಯಿಗೆ ಇದು ಸರಿ. ಇನ್ನೂ ಬೆದರದ ಮರಿಗೆ ದಿನವೆಲ್ಲ ಬೀಗದಕೈ ಅಲುಗಿಸಿ ಇಲ್ಲದ ಗುಮಾನಿಯನ್ನು ಹುಟ್ಟಿಸುವುದು ಬೇಡವೆಂದು ನನ್ನ ಅಭಿಪ್ರಾಯ. ಹೊರಡುವ ಅರ್ಧ ಗಂಟೆ ಮೊದಲಿನಿಂದ ಮರಿಯನ್ನು ನೋಡಲೂ ಕೂಡದು, ಬಂದಮೇಲೆಯೂ ಅದರ ಕಡೆ ತಿರುಗಕೂಡದು ಎಂಬ ಕಠೋರ ವಿಧಿಯೊಂದು ಬಹುಕಾಲ ಚಲಾವಣೆಯಲ್ಲಿತ್ತು. 2018ರಲ್ಲಿ ಇಟಲಿಯ ಕೆಲವರು ನಡೆಸಿದ ಸಣ್ಣ ಪರೀಕ್ಷೆಯಲ್ಲಿ, ಹೊರಡುವ ಮುನ್ನ ಮೆಲ್ಲಗೆ ಮೈದಡವಿಸಿಕೊಂಡ ನಾಯಿಗಳು ಅಗಲಿಕೆಯ ಹೊತ್ತಿನಲ್ಲಿ ಹೆಚ್ಚು ಶಾಂತವಾಗಿದ್ದವು. ಇತ್ತ, ಬ್ರಿಟನ್ನಿನಲ್ಲಿ ಮರಿಗಳನ್ನು ಎಳವೆಯಿಂದಲೇ ಹಿಂಬಾಲಿಸಿ ನಡೆಸಿದ ಅಧ್ಯಯನವೊಂದು 2024ರಲ್ಲಿ ಹೊರಬಂದು, ಆರು ತಿಂಗಳ ವಯಸ್ಸಿನಲ್ಲಿ ಅರ್ಧಕ್ಕೆ ಸಮೀಪದಷ್ಟು ಮರಿಗಳಲ್ಲಿ ಒಂಟಿಬಿಟ್ಟಾಗಿನ ತೊಂದರೆಯ ಲಕ್ಷಣಗಳಿದ್ದುವೆಂದೂ, ದಂಡನೆಯನ್ನು ಬಳಸಿದ ಮನೆಗಳಲ್ಲಿಯೂ, ಮರಳಿ ಬಂದಾಗ ಅತಿಯಾಗಿ ಮುದ್ದುಮಾಡುವ ಮನೆಗಳಲ್ಲಿಯೂ ಅವು ಹೆಚ್ಚೆಂದೂ, ಎಳವೆಯಲ್ಲಿ ರಾತ್ರಿ ಒಂಬತ್ತು ಗಂಟೆಯಾದರೂ ನಿದ್ದೆ ಸಿಕ್ಕ ಮರಿಗಳಲ್ಲಿ ಕಡಿಮೆಯೆಂದೂ ಹೇಳಿತು. ಇವೆರಡನ್ನೂ ಕೂಡಿಸಿ ನೋಡಿದರೆ, ಮೌನವ್ರತವೂ ಬೇಡ, ಉತ್ಸವವೂ ಬೇಡ. ಮನೆಯ ಹಿರಿಯರನ್ನು ಬಿಟ್ಟು ಸಂತೆಗೆ ಹೊರಡುವಾಗ "ಹೋಗಿಬರ್ತೀನಿ" ಎಂದು ಹೇಳುವಷ್ಟು ಮಾತು, ಬಂದಾಗ ಒಂದು ತಡವುವಿಕೆ, ಅಷ್ಟು ಸಾಕು.

ಜೊತೆಗಿರಿಸುವ ಸಾಧನಗಳಲ್ಲಿ ನಿಜವಾಗಿ ಉಪಯುಕ್ತವಾದದ್ದು ಅಗಿಯುವ ವಸ್ತು. ಗಟ್ಟಿಯಾದ ಟೊಳ್ಳು ರಬ್ಬರ್ ಆಟಿಕೆಯೊಳಗೆ ಮೊಸರನ್ನವನ್ನೋ ಬೇಯಿಸಿದ ಗೆಣಸನ್ನೋ ಕೋಳಿಮಾಂಸದ ಚೂರುಗಳನ್ನೋ ಕಿವುಚಿ ತುಂಬಿಟ್ಟರೆ, ಒಡತಿ ಗೇಟು ದಾಟುವ ಆ ಮೊದಲ ಕಷ್ಟದ ನಿಮಿಷಗಳನ್ನು ಮರಿ ನೆಕ್ಕುತ್ತ ಕಳೆಯುತ್ತದೆ. ಬೇಯಿಸಿದ ಮೂಳೆ ಸೀಳಿ ಕರುಳಿಗೆ ಚುಚ್ಚುವುದರಿಂದ ಅದನ್ನು ಕೊಡಕೂಡದು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷ. ಸಂಗೀತದ ವಿಷಯದಲ್ಲಿ, ಉತ್ತರ ಐರ್ಲೆಂಡಿನ ಡೆಬೊರಾ ವೆಲ್ಸ್ ಎಂಬಾಕೆ 2002ರಲ್ಲಿ, ಆಶ್ರಯಧಾಮದ ನಾಯಿಗಳು ಶಾಸ್ತ್ರೀಯ ಸಂಗೀತಕ್ಕೆ ಹೆಚ್ಚು ವಿಶ್ರಮಿಸಿ, ಅಬ್ಬರದ ಸಂಗೀತಕ್ಕೆ ಹೆಚ್ಚು ಬೊಗಳಿದುವೆಂದು ಕಂಡಳು. ಆಕಾಶವಾಣಿಯನ್ನು ಸಣ್ಣದನಿಯಲ್ಲಿ ಹಚ್ಚಿಟ್ಟು ಹೋಗುವುದರಿಂದ ಹೊರಗಿನ ಗದ್ದಲವಾದರೂ ಮುಚ್ಚುತ್ತದೆ, ಆದರೆ ಧಾರಾವಾಹಿಯ ಅತ್ತೆಸೊಸೆಯರ ಜಗಳ ಯಾವ ಪ್ರಾಣಿಗೂ ಶಾಂತಿ ಕೊಡುವುದು ಸಂದೇಹ. ಜೊತೆಗಿರಲೆಂದು ಎರಡನೆಯ ಮರಿಯನ್ನು ತರುವುದು ದುಬಾರಿಯಾದ ಜೂಜು: ನಾಯಿಯ ಸಂಕಟ ಬಹುಮಟ್ಟಿಗೆ ಮನುಷ್ಯನ ಅಭಾವದ್ದೇ ಹೊರತು ಇನ್ನೊಂದು ನಾಯಿಯ ಅಭಾವದ್ದಲ್ಲ, ಒಂದು ಅಳುತ್ತಿದ್ದ ಮನೆಯಲ್ಲಿ ಎರಡು ಅಳುವುದೂ ಉಂಟು. ಕ್ರೇಟ್ ಎಂದು ಅಂಗಡಿಯಲ್ಲಿ ಸಿಗುವ ತಂತಿಯ ಗೂಡು, ಬಾಗಿಲು ತೆರೆದಿಟ್ಟು ವಾರಗಟ್ಟಲೆ ರೂಢಿಮಾಡಿಸಿದರೆ ಮರಿಗೆ ಪ್ರಿಯವಾದ ಮಲಗುವ ಎಡೆಯಾಗಬಲ್ಲುದು, ಮೊದಲ ದಿನವೇ ತಳ್ಳಿ ಚಿಲಕ ಹಾಕಿದರೆ ಸೆರೆಮನೆಯಾಗುತ್ತದೆ. ಅದೂ ಏಪ್ರಿಲ್ ಬಿಸಿಲಿಗೆ ಕಾದ ಶೀಟಿನ ಕೆಳಗೆ, ಕರೆಂಟು ಹೋಗಿ ಫ್ಯಾನು ನಿಂತಾಗ, ಪ್ರಾಣಾಪಾಯಕರವೂ ಹೌದು.

ಸರಪಳಿಯ ಮಾತನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಈ ಸೀಮೆಯಲ್ಲಿ ಎಲ್ಲ ಸಮಸ್ಯೆಗಳ ಕಡೆಯ ಪರಿಹಾರ ಅದೇ. ಕಂಬಕ್ಕೆ ಕಟ್ಟಿದ ಮರಿ ಚಪ್ಪಲಿ ಕಡಿಯುವುದಿಲ್ಲ, ಬಾಗಿಲು ಕೆರೆಯುವುದಿಲ್ಲ. ಸಂಕಟ ಮಾತ್ರ ಇದ್ದಷ್ಟೇ ಇದ್ದು, ಅದರಿಂದ ಓಡಿ ತಪ್ಪಿಸಿಕೊಳ್ಳುವ ದಾರಿಯೂ ಮುಚ್ಚಿಹೋಗಿರುತ್ತದೆ. 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಹನ್ನೊಂದನೆಯ ಕಲಮು, ಪ್ರಾಣಿಯನ್ನು ಅತಿ ಗಿಡ್ಡವಾದ ಅಥವಾ ಅತಿ ಭಾರವಾದ ಸರಪಳಿಯಲ್ಲಿ ಅನುಚಿತವಾದಷ್ಟು ಕಾಲ ಕಟ್ಟಿಹಾಕುವುದನ್ನೂ, ಸದಾ ಕಟ್ಟಿಯೇ ಇಟ್ಟ ನಾಯಿಯನ್ನು ಓಡಾಡಿಸದೆ ಇರುವುದನ್ನೂ ಅಪರಾಧವೆಂದು ಎಣಿಸುತ್ತದೆ. ಆದರೆ ಹಳ್ಳಿಯಲ್ಲಿ ಈ ಕಾಯಿದೆಗಿಂತ ಬಲವಾದ ಕಾರಣವೊಂದು ಇದೆ. ಕನಕಪುರ ತಾಲ್ಲೂಕು ಒಂದು ಕಡೆ ಬನ್ನೇರುಘಟ್ಟದ ಕಾಡಿಗೂ ಇನ್ನೊಂದು ಕಡೆ ಕಾವೇರಿ ವನ್ಯಜೀವಿಧಾಮಕ್ಕೂ ಅಂಟಿಕೊಂಡಿದೆ. ಊರ ಸುತ್ತಣ ಬೋಳುಬಂಡೆಯ ಗುಡ್ಡಗಳು ಚಿರತೆಗೆ ಹೇಳಿ ಮಾಡಿಸಿದ ನೆಲೆ, ಚಿರತೆಗೆ ನಾಯಿ ಸುಲಭದ ಆಹಾರ. ತೋಟದ ಮನೆಯ ಅಂಗಳದಲ್ಲಿ ರಾತ್ರಿ ಕಟ್ಟಿಹಾಕಿದ ಮರಿ ಓಡಲಾರದು. ಅದರ ಅಳುವೇ ಚಿರತೆಗೆ ಕರೆ. ಇಲ್ಲಿ ಮರಿಯನ್ನು ಒಳಗೆ ಮಲಗಿಸುವುದು ಪಟ್ಟಣದವರ ಶೋಕಿಯೆಂದು ನಗುವವರು, ಬೆಳಗಾಗೆದ್ದು ಬರಿಯ ಕೊರಳಪಟ್ಟಿಯನ್ನು ಕಂಡವರ ಮಾತನ್ನು ಕೇಳಬೇಕು.

ಹಾಗಾದರೆ ಎಷ್ಟು ಹೊತ್ತು ಬಿಡಬಹುದು? ಮರಿಯ ಮೂತ್ರಕೋಶವೇ ಮೊದಲ ಮಿತಿ. ತಿಂಗಳ ವಯಸ್ಸಿಗೆ ಒಂದು ಗಂಟೆಯಂತೆ, ಮೂರು ತಿಂಗಳ ಮರಿ ಹಗಲಿನಲ್ಲಿ ಮೂರು ಗಂಟೆ ತಡೆದೀತೆಂಬುದು ಒರಟು ಲೆಕ್ಕ. ಬೆಳೆದ ನಾಯಿಗೂ ನಾಲ್ಕು ಗಂಟೆಗೆ ಮೀರಕೂಡದೆಂದು ಬ್ರಿಟನ್ನಿನ ಪ್ರಾಣಿದಯಾ ಸಂಘದವರು ಹೇಳುತ್ತಾರೆ. ಸ್ವೀಡನ್ನಿನ ಕಟ್ಟಳೆ, ಒಳಗಿರಿಸಿದ ನಾಯಿಯನ್ನು ಹಗಲಿನಲ್ಲಿ ಆರು ಗಂಟೆಗೊಮ್ಮೆಯಾದರೂ ಹೊರಕ್ಕೆ ಬಿಡಬೇಕೆನ್ನುತ್ತದೆ. ಆ ದೇಶದಲ್ಲಿಯೇ 2011ರಲ್ಲಿ, ಒಂಟಿತನದ ತೊಂದರೆಯಿಲ್ಲದ ನಾಯಿಗಳನ್ನು ಅರ್ಧ, ಎರಡು ಮತ್ತು ನಾಲ್ಕು ಗಂಟೆ ಬಿಟ್ಟು ನೋಡಿದಾಗ, ಅರ್ಧ ಗಂಟೆಯ ನಂತರಕ್ಕಿಂತ ಎರಡು ಗಂಟೆಯ ನಂತರ ಅವು ಒಡೆಯನನ್ನು ಹೆಚ್ಚು ಸಂಭ್ರಮದಿಂದ ಎದುರುಗೊಂಡವು. ನಾಯಿಗೆ ಕಾಲದ ಪರಿವೆಯಿಲ್ಲವೆಂಬ ಮಾತು ಸುಳ್ಳೆಂಬುದಕ್ಕೆ ಅಷ್ಟು ಸಾಕು. ಮೆಟ್ರೋ ಹಿಡಿದು ಹೋಗಿಬರುವವನ ಹನ್ನೊಂದು ಗಂಟೆಯ ಗೈರುಹಾಜರಿ ಈ ಯಾವ ಅಳತೆಯೊಳಗೂ ಹಿಡಿಯುವುದಿಲ್ಲ. ಅದನ್ನು ತುಂಬಬಲ್ಲವರು ಮನುಷ್ಯರೇ. ನಮ್ಮ ಊರುಗಳಲ್ಲಿ ಆ ಸಂಪತ್ತು ಇನ್ನೂ ಬತ್ತಿಲ್ಲ: ಬೀದಿಯ ಕೊನೆಯ ಮನೆಯಲ್ಲಿ ಹಗಲೆಲ್ಲ ಒಬ್ಬರೇ ಕುಳಿತಿರುವ ಅಜ್ಜಿಯೊಬ್ಬರು ಇದ್ದೇ ಇರುತ್ತಾರೆ, ಮಧ್ಯಾಹ್ನ ಶಾಲೆ ಬಿಟ್ಟು ಬರುವ ನೆರೆಮನೆಯ ಹುಡುಗನಿರುತ್ತಾನೆ. ಮಧ್ಯಾಹ್ನಕ್ಕೊಮ್ಮೆ ಬೀಗ ತೆಗೆದು, ಮರಿಯನ್ನು ಹೊರಗೆ ಬಿಟ್ಟು, ಒಂದು ತುತ್ತು ಹಾಕಿ ಹೋಗಲೆಂದು ಅವರನ್ನು ಒಪ್ಪಿಸುವುದರಿಂದ ಆಗುವ ಪ್ರಯೋಜನ ಯಾವ ಆಟಿಕೆಯಿಂದಲೂ ಆಗದು. ಸಂಬಳವನ್ನೂ ನಿಗದಿಮಾಡುವುದು ಮರ್ಯಾದೆ; "ಒಂದ್ ಚೂರು ನೋಡ್ಕೊಳಿ" ಎಂಬ ಪುಕ್ಕಟೆಯ ಏರ್ಪಾಡು ಹಬ್ಬದವರೆಗೂ ಬಾಳುವುದಿಲ್ಲ.

ಶಿಕ್ಷಣ ಫಲಿಸುತ್ತಿದೆಯೇ ಎಂಬುದನ್ನು ಊಹೆಯಿಂದ ತಿಳಿಯಬೇಕಾಗಿಲ್ಲ. ಹಳೆಯ ಮೊಬೈಲೊಂದನ್ನು ಕಪಾಟಿನ ಮೇಲೆ ಒರಗಿಸಿ ಚಿತ್ರ ತೆಗೆಯಲು ಬಿಟ್ಟು ಹೋದರೆ ಸಾಕು. ತೊಂದರೆಯಿದ್ದ ಮರಿ ಬಹುಮಟ್ಟಿಗೆ ಮೊದಲ ಕೆಲವು ನಿಮಿಷಗಳಲ್ಲಿಯೇ ಅದನ್ನು ತೋರಿಸಿಬಿಡುತ್ತದೆ, ಅರ್ಧ ಗಂಟೆ ಮಲಗಿ ಎದ್ದು ಬೇಸರಕ್ಕೆ ಚಾಪೆ ಕಡಿಯುವ ಮರಿಗೆ ಬೇಕಾದ್ದು ವ್ಯಾಯಾಮ. ಮೈಗೆ ಗಾಯಮಾಡಿಕೊಳ್ಳುವಷ್ಟು ಭೀತಿಯಿರುವ ನಾಯಿಗೆ ಔಷಧವೂ ಉಂಟು. ಮನುಷ್ಯರ ಖಿನ್ನತೆಗೆ ಕೊಡುವ ಕ್ಲೋಮಿಪ್ರಮಿನ್ ಎಂಬುದನ್ನು ಅಮೆರಿಕದಲ್ಲಿ 1998ರಲ್ಲಿಯೂ, ಫ್ಲುಯೊಕ್ಸೆಟಿನ್ ಎಂಬುದನ್ನು 2007ರಲ್ಲಿಯೂ ನಾಯಿಗಳ ಈ ವ್ಯಾಧಿಗೆ ಅಂಗೀಕರಿಸಿದ್ದಾರೆ. ಅದು ಪಶುವೈದ್ಯರು ನೋಡಿ ಬರೆದುಕೊಡತಕ್ಕ ವಿಷಯ, ಮತ್ತು ಮೇಲೆ ಹೇಳಿದ ಶಿಕ್ಷಣದ ಜೊತೆಗೆ ಕೊಟ್ಟಾಗಲೇ ಫಲಕಾರಿ. ಮೆಡಿಕಲ್ ಸ್ಟೋರಿನವನನ್ನು ಕೇಳಿ ನಿದ್ದೆಗುಳಿಗೆ ತಂದು ಹಾಕುವುದು ಅಪಾಯ. ಇಷ್ಟಕ್ಕೂ ಬಿಡುವಿಲ್ಲದೆ, ಅಜ್ಜಿಯೂ ಇಲ್ಲದೆ, ಆದರೂ ಮನೆಯಲ್ಲಿ ಒಂದು ನಾಯಿ ಬೇಕೆಂಬ ಆಸೆ ಬಿಡದವರು ಮರಿಯ ಹಂಬಲವನ್ನು ಬದಿಗಿಟ್ಟು, ಮೂರು ನಾಲ್ಕು ವರ್ಷದ, ಸ್ವಭಾವ ಮಾಗಿದ, ಹಗಲಿನಲ್ಲಿ ತನ್ನಷ್ಟಕ್ಕೆ ಮಲಗಿರಬಲ್ಲ ನಾಯಿಯನ್ನು ಮನೆಗೆ ಕರೆತರುವುದು ಲೇಸು. ಕೂಪಾ ಎಂಬ ಹೆಸರಿನಿಂದ 1991ರಿಂದ ಬೆಂಗಳೂರಿನಲ್ಲಿ ಕೆಲಸಮಾಡುತ್ತಿರುವ ಸಂಸ್ಥೆಯೂ, ಅಂಥ ಇತರ ಆಶ್ರಯಧಾಮಗಳೂ ದತ್ತು ಕೊಡುವ ಮುನ್ನ ನಾಯಿಯ ಗುಣಾವಗುಣಗಳನ್ನು ವಿಚಾರಿಸಿಕೊಳ್ಳಲು ಅವಕಾಶ ಕೊಡುತ್ತವೆ. ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಜಾತಿಯದಲ್ಲ, ಬಣ್ಣದ್ದಲ್ಲ, ಯಾರೂ ಇಲ್ಲದಾಗ ಇದು ಏನು ಮಾಡುತ್ತದೆ ಎಂಬುದು.